ಮೂಳೆಗೆ ಸಾಲದು, ರಕ್ತನಾಳಕ್ಕೆ ಜಾಸ್ತಿ: ಮಂಡ್ಯ ಜಿಲ್ಲೆಯ ಒಂದು ಮಗುವಿನ ಪ್ರಕರಣ

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುತ್ತೇನೆ. ನಾನು ಮೈಸೂರಿನಲ್ಲಿ ಜೆನೆಟಿಕ್ ಕೌನ್ಸೆಲರ್. ಡಾಕ್ಟರ್ ಅಲ್ಲ. ಮನೆತನದಲ್ಲಿ ಬರುವ ಕಾಯಿಲೆಗಳ ವಿಷಯವನ್ನು ಮನೆಯವರಿಗೆ ಬಿಡಿಸಿ ಹೇಳುವುದು, ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅಂತ ಅವರ ಜೊತೆ ಕೂತು ಯೋಚಿಸುವುದು ನನ್ನ ಕೆಲಸ.

ಪುಟ್ಟಿಗೆ ಇರುವ ಕಾಯಿಲೆ ಬಹಳ ಅಪರೂಪ. ಆದರೆ ಈ ಮನೆಯವರು ಸಿಕ್ಕಿಹಾಕಿಕೊಂಡ ಕಡೆಗಳೆಲ್ಲ ದಿನಬೆಳಗಾದರೆ ನಡೆಯುವಂಥವು. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಮಂಡ್ಯ ಜಿಲ್ಲೆಯ ಹಳ್ಳಿ. ಅಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾರೆ, ಜೊತೆಗೆ ಸ್ವಲ್ಪ ಗದ್ದೆ ಇದೆ. ಅಮ್ಮ ಅವರ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು ಹೊಸತೇನಲ್ಲ. ಈ ಮನೆಯಲ್ಲಿ ಅತ್ತೆಯೇ ಅಜ್ಜಿ. ಕೌನ್ಸೆಲಿಂಗ್ ಮಾಡುವವರಿಗೆ ಇದರಿಂದ ಒಂದು ಅನುಕೂಲ ಆಯಿತು, ಹೇಳಿಬಿಡುತ್ತೇನೆ. ಬೇರೆ ಮನೆಗಳಲ್ಲಿ 'ನಿಮ್ಮ ಕಡೆಯಿಂದ ಬಂತು, ನಮ್ಮ ಕಡೆಯಿಂದ ಬಂತು' ಅನ್ನುವ ಜಗಳ ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಇಲ್ಲಿ ಎರಡೂ ಕಡೆ ಒಂದೇ ಕಡೆ.

ಪುಟ್ಟಿ ತಡವಾಗಿ ನಡೆದಳು. ಎರಡೂವರೆ ವರ್ಷಕ್ಕೆ ಕಾಲು ಬಾಗಿರುವುದು ಕಣ್ಣಿಗೆ ಕಾಣುವಂತಾಯಿತು, ಮಣಿಕಟ್ಟು ದಪ್ಪಗಾಯಿತು. ಊರವರು ಬೋರ್ ನೀರಿನ ದೋಷ ಅಂದರು. ತೋರಿಸಿದ ಡಾಕ್ಟರು ಎಕ್ಸ್‌ರೇ ತೆಗೆಸಿ ರಿಕೆಟ್ಸ್, ಅಂದರೆ ಮಕ್ಕಳ ಮೂಳೆ ಮೆತ್ತಗಾಗಿ ಬಾಗುವ ಕಾಯಿಲೆ, ಅಂದರು. ಅದು ಸರಿಯಾಗಿಯೇ ಇತ್ತು. ವಿಟಮಿನ್ ಡಿ ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಕೊಟ್ಟರು, ಕ್ಯಾಲ್ಸಿಯಂ ಸಿರಪ್ ಬರೆದರು. ರಿಕೆಟ್ಸ್ ಬಂದ ಹೆಚ್ಚಿನ ಮಕ್ಕಳಿಗೆ ಇಷ್ಟೇ ಸಾಕು, ಕೆಲವು ತಿಂಗಳಲ್ಲಿ ಮೂಳೆ ಗಟ್ಟಿಯಾಗುತ್ತದೆ.

ಪುಟ್ಟಿಗೆ ಆಗಲಿಲ್ಲ. ಇನ್ನೊಂದು ಇಂಜೆಕ್ಷನ್ ಆಯಿತು. ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಮತ್ತೊಂದು. ಯಾರೂ ಹಿಂದಿನ ಚೀಟಿ ಕೇಳಲಿಲ್ಲ, ಇವರೂ ತೋರಿಸಲಿಲ್ಲ.

ಕೆಂಪು ಗೆರೆ ಬೀಳದ ರಿಪೋರ್ಟು

ನಾಲ್ಕು ವರ್ಷದ ಹೊತ್ತಿಗೆ ಮೈಸೂರಿನ ನಮ್ಮ ಮಕ್ಕಳ ಡಾಕ್ಟರ ಹತ್ತಿರ ಬಂದರು. ಪ್ಲಾಸ್ಟಿಕ್ ಕವರಿನ ತುಂಬ ಲ್ಯಾಬ್ ರಿಪೋರ್ಟು. ಅದರಲ್ಲಿ ಒಂದು ಸಾಲು: ಫಾಸ್ಫೇಟ್ 2.6. ಪಕ್ಕದಲ್ಲಿ ಛಾಪಿಸಿದ್ದ ಮಿತಿ 2.5ರಿಂದ 4.5. ಅಂದರೆ ಮಿತಿಯೊಳಗೇ ಇದೆ, ಕೆಂಪು ಗೆರೆ ಇಲ್ಲ. ಆದರೆ ಆ ಮಿತಿ ದೊಡ್ಡವರದ್ದು. ಬೆಳೆಯುವ ಮಕ್ಕಳ ರಕ್ತದಲ್ಲಿ ಫಾಸ್ಫೇಟ್ ಜಾಸ್ತಿ ಇರಬೇಕು; ಈ ವಯಸ್ಸಿಗೆ 4ರ ಆಸುಪಾಸಿನಿಂದ ಮೇಲೆ. 2.6 ಅಂದರೆ ತೀರಾ ಕಡಿಮೆ. ವಿಟಮಿನ್ ಡಿ ಸಾಕಷ್ಟು ಇತ್ತು. ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಜೈಮು ಏರಿತ್ತು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ರಿಪೋರ್ಟು ನಾನು ಎಷ್ಟೋ ನೋಡಿದ್ದೇನೆ. ಯಂತ್ರ ಸರಿಯಾಗಿಯೇ ಅಳೆದಿರುತ್ತದೆ. ಪಕ್ಕದ ಕಾಲಂನಲ್ಲಿ ಮಗುವಿನ ವಯಸ್ಸಿಗೆ ತಕ್ಕ ಅಂಕಿ ಹಾಕುವ ಪುರುಸೊತ್ತು ಮಾತ್ರ ಯಾರಿಗೂ ಇರುವುದಿಲ್ಲ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ, ಮೂತ್ರ ಎರಡನ್ನೂ ಒಟ್ಟಿಗೆ ತೆಗೆದು ನೋಡಿದಾಗ ಗೊತ್ತಾಯಿತು: ಕಿಡ್ನಿ ಫಾಸ್ಫೇಟನ್ನು ಹಿಡಿದುಕೊಳ್ಳದೆ ಹೊರಗೆ ಬಿಡುತ್ತಿದೆ. ಮೂಳೆಯಿಂದ ಬರುವ ಎಫ್‌ಜಿಎಫ್-23 ಅನ್ನುವ ಹಾರ್ಮೋನು ಜಾಸ್ತಿಯಾದರೆ ಹೀಗಾಗುತ್ತದೆ. ಇದಕ್ಕೆ ಹುಟ್ಟಿನಿಂದ ಬರುವ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಎಕ್ಸ್ ಕ್ರೋಮೋಸೋಮಿನ ಫೆಕ್ಸ್ ಎಂಬ ಜೀನಿನ ದೋಷ. ಡಾಕ್ಟರೂ ಮೊದಲು ಅದನ್ನೇ ಊಹಿಸಿದರು. ಚಿಕಿತ್ಸೆ ಶುರುವಾಯಿತು: ಕ್ಯಾಲ್ಸಿಟ್ರಿಯಾಲ್ (ದೇಹ ನೇರವಾಗಿ ಬಳಸುವ ವಿಟಮಿನ್ ಡಿ ರೂಪ), ಜೊತೆಗೆ ಬಾಯಿಗೆ ಫಾಸ್ಫೇಟ್. ನಮ್ಮಲ್ಲಿ ಫಾಸ್ಫೇಟನ್ನು ಹೆಚ್ಚಾಗಿ ಜೂಲೀಸ್ ಸೊಲ್ಯೂಷನ್ ರೂಪದಲ್ಲಿ, ಔಷಧಿ ಅಂಗಡಿಯಲ್ಲಿ ಕಲಸಿಸಿಯೇ ಕೊಡುತ್ತಾರೆ. ದಿನಕ್ಕೆ ನಾಲ್ಕೈದು ಸಲ ಕುಡಿಸಬೇಕು. ರುಚಿ ಕೆಟ್ಟದು, ಜಾಸ್ತಿಯಾದರೆ ಭೇದಿ. ಮಧ್ಯಾಹ್ನದ ಡೋಸು ಅಂಗನವಾಡಿ ಟೀಚರ್ ಕೈಯಲ್ಲಿ. ಅವರು ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಪ್ರತಿದಿನ ಆ ಗೆರೆಯವರೆಗೆ ಇಳಿಯಿತಾ ಅಂತ ನೋಡುತ್ತಿದ್ದರು. ಇಂಥ ಒಬ್ಬರು ಸಿಕ್ಕರೆ ಅರ್ಧ ಚಿಕಿತ್ಸೆ ಆದ ಹಾಗೆ.

ಕೆಲವು ತಿಂಗಳಾದರೂ ಕಾಲು ಅಷ್ಟಕ್ಕಷ್ಟೇ. ಮೂಳೆ ಡಾಕ್ಟರು ಫಾಸ್ಫೇಟ್ ಡೋಸನ್ನು ಎರಡರಷ್ಟು ಮಾಡೋಣ ಅಂದರು. ಫೆಕ್ಸ್ ದೋಷವಾಗಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಟ್ರಂಕಿನಲ್ಲಿದ್ದ ಫಿಲ್ಮು

ಜೀನ್ ಪರೀಕ್ಷೆಗೆ ರಕ್ತ ಕಳಿಸುವ ಮುಂಚೆ ವಂಶವೃಕ್ಷ ಬರೆಯಬೇಕು. ನಾನು ಅಮ್ಮನನ್ನು ಕೇಳಿದೆ, ಮಕ್ಕಳೆಷ್ಟು? 'ಒಂದೇ ಮೇಡಂ' ಅಂದರು. ಅಜ್ಜಿ ಹಿಂದಿನ ಬೆಂಚಿನಿಂದ ಹೇಳಿದರು: 'ಯಾಕವ್ವ, ಮೊದಲ್ನೇ ಗಂಡು ಮಗೀಗೆ ಲೆಕ್ಕ ಇಲ್ವಾ?'

ಪುಟ್ಟಿಗಿಂತ ಮುಂಚೆ ಒಂದು ಗಂಡು ಮಗು. ಎರಡು ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಿತ್ತು. ಹಾಲು ಕುಡಿಯುವಾಗ ಬೆವರುತ್ತಿತ್ತು, ಉಸಿರು ಏರುತ್ತಿತ್ತು. ಆಸ್ಪತ್ರೆಯಲ್ಲಿ 'ಹಾರ್ಟ್ ವೀಕು' ಅಂದಿದ್ದರು. ಹಾರ್ಟಿಗೂ ಕಾಲಿಗೂ ಏನು ಸಂಬಂಧ ಅಂತ ಅಮ್ಮ ಎಲ್ಲೂ ಹೇಳಿರಲಿಲ್ಲ. ಹೇಳು ಅಂತ ಕೇಳಿದವರೂ ಇರಲಿಲ್ಲ.

ಕಾಗದ ಏನಾದರೂ ಇದೆಯಾ ಅಂದೆ. ಮುಂದಿನ ಸಲ ಅಜ್ಜಿ ಟ್ರಂಕಿನಿಂದ ತೆಗೆದ ಕವರ್ ತಂದರು. ಮಗುವಿನ ಕೈಗೆ ಕಟ್ಟಿದ್ದ ಆಸ್ಪತ್ರೆಯ ಪಟ್ಟಿ, ಡಿಸ್ಚಾರ್ಜ್ ಚೀಟಿ, ಎದೆಯ ಒಂದು ಎಕ್ಸ್‌ರೇ ಫಿಲ್ಮು. ಚೀಟಿಯಲ್ಲಿ ಹೃದಯದ ಸ್ನಾಯು ದುರ್ಬಲ, ಬಿಪಿ ಜಾಸ್ತಿ ಅಂತ ಬರೆದಿತ್ತು. ಎರಡು ತಿಂಗಳ ಕೂಸಿಗೆ ಬಿಪಿ! ನಮ್ಮ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಭುಜದ ಕೀಲಿನ ಹತ್ತಿರ, ಮೂಳೆ ಇರಬಾರದ ಕಡೆ, ಬಿಳಿ ಚುಕ್ಕೆಗಳು. ತೋಳಿನಲ್ಲಿ ರಕ್ತನಾಳ ಹೋಗುವ ದಾರಿಯಲ್ಲೇ ಎರಡು ಸಣ್ಣ ಬಿಳಿ ಗೆರೆ. ಫೋನ್ ತೆಗೆದು ಮೂಳೆ ಡಾಕ್ಟರಿಗೆ ಹೇಳಿದರು: 'ಡೋಸ್ ಏರಿಸಬೇಡಿ. ಜೀನ್ ರಿಪೋರ್ಟ್ ಬರಲಿ.'

ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಇದು ಅಂತ ನನ್ನ ಲೆಕ್ಕ. ಆ ಹೊತ್ತಿಗೆ ರಿಪೋರ್ಟೂ ಇರಲಿಲ್ಲ, ಖಾತ್ರಿಯೂ ಇರಲಿಲ್ಲ. ಒಂದು ಹಳೆಯ ಫಿಲ್ಮು ಮಾತ್ರ ಇತ್ತು.

ಒಂದು ಜೀನು, ಎರಡು ಮುಖ

ರಿಪೋರ್ಟು ಬಂತು. ಫೆಕ್ಸ್ ಸರಿಯಾಗಿದೆ. ದೋಷ ಇರುವುದು ಇಎನ್‌ಪಿಪಿ1 ಜೀನಿನಲ್ಲಿ, ಅದೂ ಎರಡೂ ಪ್ರತಿಗಳಲ್ಲಿ ಒಂದೇ ದೋಷ. ಅಪ್ಪನಿಂದ ಒಂದು, ಅಮ್ಮನಿಂದ ಒಂದು.

ಈ ಜೀನು ಮಾಡುವ ಎಂಜೈಮು ಜೀವಕೋಶದ ಹೊರಗೆ ಎಟಿಪಿಯನ್ನು (ಕೋಶಗಳಿಗೆ ಶಕ್ತಿ ಕೊಡುವ ಅಣು) ಕತ್ತರಿಸುತ್ತದೆ. ಆಗ ಪೈರೋಫಾಸ್ಫೇಟ್ ಹುಟ್ಟುತ್ತದೆ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಹರಳು ಕಟ್ಟದಂತೆ ತಡೆಯುವುದು ಇದೇ. ಅಪ್ಪನಿಗೆ ನಾನು ಹೇಳಿದ್ದು ಹೀಗೆ: ಸಕ್ಕರೆ ಪಾಕ ಗಂಟು ಕಟ್ಟಬಾರದು ಅಂತ ನಿಂಬೆರಸ ಹಿಂಡುತ್ತೀವಲ್ಲ, ಪೈರೋಫಾಸ್ಫೇಟಿನ ಕೆಲಸವೂ ಅದೇ. ಅವರಿಗೆ ಮತ್ತೆ ವಿವರಿಸಬೇಕಾಗಲಿಲ್ಲ. 'ಹಂಗಾದ್ರೆ ನಮ್ ಮಗೀಗೆ ನಿಂಬೆಹಣ್ಣೇ ಇಲ್ಲ' ಅಂದರು.

ಎಟಿಪಿ ಕತ್ತರಿಸಿದಾಗ ಸಿಗುವ ಇನ್ನೊಂದು ತುಂಡಿನಿಂದ ಅಡೆನೋಸಿನ್ ಆಗುತ್ತದೆ. ರಕ್ತನಾಳದ ಗೋಡೆಯ ಕೋಶಗಳು ಮಿತಿಮೀರಿ ಬೆಳೆಯದಂತೆ ಅದು ತಡೆಯುತ್ತದೆ. ಹಾಗಾಗಿ ಎಂಜೈಮು ಇಲ್ಲದಿದ್ದರೆ ರಕ್ತನಾಳದಲ್ಲಿ ಸುಣ್ಣವೂ ಕಟ್ಟುತ್ತದೆ, ಒಳದಾರಿಯೂ ಕಿರಿದಾಗುತ್ತದೆ. ಕೂಸುಗಳಲ್ಲಿ ಇದು ಬಂದರೆ ಸುಮಾರು ಅರ್ಧದಷ್ಟು ಮೊದಲ ಆರು ತಿಂಗಳಲ್ಲೇ ತೀರಿಕೊಳ್ಳುತ್ತವೆ. ಕೂಸುಗಳ ಈ ರಕ್ತನಾಳದ ಕಾಯಿಲೆಗೆ ಇಎನ್‌ಪಿಪಿ1 ಕಾರಣ ಅಂತ 2003ರಲ್ಲಿ ಗೊತ್ತಾಯಿತು. ಇದೇ ಜೀನಿನಿಂದ ಫಾಸ್ಫೇಟ್ ಸೋರುವ ರಿಕೆಟ್ಸ್ ಕೂಡ ಬರುತ್ತದೆ ಅಂತ ಗೊತ್ತಾದದ್ದು 2010ರಲ್ಲಿ. ಒಂದೇ ಮನೆಯಲ್ಲಿ ಒಂದು ಮಗು ಹೃದಯದಿಂದ ಹೋಗುವುದು, ಇನ್ನೊಂದು ಕಾಲು ಬಾಗಿ ಬೆಳೆಯುವುದು ಆಗಬಹುದು. ಯಾವ ಮಗುವಿಗೆ ಯಾವುದು ಅಂತ ಜೀನು ನೋಡಿ ಹೇಳಲು ಬರುವುದಿಲ್ಲ.

ಈಗ ಇಕ್ಕಟ್ಟು ಏನು ಅಂತ ನೋಡಿ. ಮೂಳೆಗೆ ಫಾಸ್ಫೇಟ್ ಬೇಕು. ಅದನ್ನೇ ಜಾಸ್ತಿ ಸುರಿದರೆ ತಡೆ ಇಲ್ಲದ ರಕ್ತನಾಳದಲ್ಲಿ, ಕಿಡ್ನಿಯಲ್ಲಿ ಸುಣ್ಣ ಕೂರುವ ಭಯ. ಕಿಡ್ನಿ ಫಾಸ್ಫೇಟನ್ನು ಹೊರಹಾಕುತ್ತಿರುವುದೇ ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ದಾರಿ ಇರಬಹುದು ಅನ್ನುವ ತಜ್ಞರೂ ಇದ್ದಾರೆ. ಎಫ್‌ಜಿಎಫ್-23 ಅನ್ನು ತಡೆಯುವ ಬ್ಯುರೊಸುಮ್ಯಾಬ್ ಎಂಬ ಇಂಜೆಕ್ಷನ್ ಫೆಕ್ಸ್ ದೋಷದ ಮಕ್ಕಳಿಗೆ ವರವೇ ಆಗಿದೆ, ಆದರೆ ಇಲ್ಲಿ ಅದೂ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಪುಟ್ಟಿಯ ಸ್ಕ್ಯಾನ್ ಮಾಡಿಸಿದರು. ಹೃದಯ ಚೆನ್ನಾಗಿದೆ. ಹೊಟ್ಟೆಯ ದೊಡ್ಡ ರಕ್ತನಾಳದ ಗೋಡೆಯಲ್ಲಿ ಒಂದು ಕಡೆ ತೆಳ್ಳಗೆ ಸುಣ್ಣ ಕಂಡಿತು. ಬಿಪಿ ಮೇಲಿನ ಮಿತಿಯಲ್ಲಿ. ಫಾಸ್ಫೇಟನ್ನು ಏರಿಸದೆ, ಸಣ್ಣ ಡೋಸಿನಲ್ಲೇ, ದಿನವಿಡೀ ಹಂಚಿ ಕೊಡುವುದು ಅಂತ ತೀರ್ಮಾನವಾಯಿತು. ಕಾಲು ನಿಧಾನಕ್ಕೆ ನೇರವಾಗಲಿ, ಪರವಾಗಿಲ್ಲ.

ತಪ್ಪು ಎಂಜೈಮಿನ ಹಿಂದೆ

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನೆಂಟರೊಬ್ಬರು ಮೊಬೈಲಿನಲ್ಲಿ ಹುಡುಕಿದರು: ಮೂಳೆ ಕಾಯಿಲೆ, ಎಂಜೈಮ್ ಚಿಕಿತ್ಸೆ. ಸಿಕ್ಕಿತು. ಆಸ್ಫೊಟೇಸ್ ಆಲ್ಫಾ. 2015ರಲ್ಲೇ ಅಮೆರಿಕ, ಯುರೋಪ್, ಜಪಾನಿನಲ್ಲಿ ಒಪ್ಪಿಗೆ ಪಡೆದ ಮದ್ದು. ಮೂಳೆ ಕಟ್ಟದೆ ಸಾಯುವ ಸ್ಥಿತಿಯಲ್ಲಿದ್ದ ಕೂಸುಗಳು ಬದುಕಿವೆ, ಎಕ್ಸ್‌ರೇ ಫೋಟೋ ಸಮೇತ ಇದೆ. ಎಲ್ಲ ನಿಜವೇ. ತರಿಸಿಕೊಡುತ್ತೇನೆ, ಮುಂಗಡ ಕೊಡಿ ಅನ್ನುವ ಒಬ್ಬ ಮಧ್ಯವರ್ತಿಯೂ ಸಿಕ್ಕ. ಅಪ್ಪ ಗದ್ದೆ ಮಾರುವ ಮಾತಾಡಿ, ಅಳೆಯುವವರನ್ನು ಕರೆಸಿಯೂ ಆಗಿತ್ತು. ನಮಗೆ ಹೇಳಿದ್ದು ಆಮೇಲೆ.

ಆಸ್ಫೊಟೇಸ್ ಆಲ್ಫಾ ಏನು ಮಾಡುತ್ತದೆ ಗೊತ್ತಾ? ಅದು ಆಲ್ಕಲೈನ್ ಫಾಸ್ಫಟೇಸ್ ಎಂಜೈಮಿನ ಬದಲಿ. ಮೂಳೆಗೆ ಅಂಟಿಕೊಳ್ಳಲಿ ಅಂತ ಅದರ ತುದಿಗೆ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲ ಹತ್ತು ಸೇರಿದ ಬಾಲ ಜೋಡಿಸಿದ್ದಾರೆ. ಅದರ ಕೆಲಸ ಪೈರೋಫಾಸ್ಫೇಟನ್ನು ಒಡೆಯುವುದು. ಹೈಪೋಫಾಸ್ಫಟೇಸಿಯಾ ಅನ್ನುವ ಕಾಯಿಲೆಯಲ್ಲಿ ಪೈರೋಫಾಸ್ಫೇಟ್ ತುಂಬಿಕೊಂಡು ಮೂಳೆ ಗಟ್ಟಿಯಾಗಲು ಬಿಡುವುದಿಲ್ಲ, ಅಲ್ಲಿ ಒಡೆಯಲೇಬೇಕು. ಪುಟ್ಟಿಗೆ ಇರುವ ಕೊರತೆಯೇ ಪೈರೋಫಾಸ್ಫೇಟಿನದು. ಇದ್ದ ಚೂರನ್ನೂ ಒಡೆದುಹಾಕಿದ ಹಾಗಾಗುತ್ತಿತ್ತು. ಎರಡೂ ಕಾಯಿಲೆಯಲ್ಲಿ ಕಾಲು ಬಾಗುತ್ತದೆ, ಎರಡಕ್ಕೂ ಎಂಜೈಮು (ಪುಟ್ಟಿಯ ಕಾಯಿಲೆಯದರ ವಿಷಯ ಮುಂದೆ ಬರುತ್ತದೆ), ಎರಡೂ ಚರ್ಮದಡಿ ಚುಚ್ಚುವ ಇಂಜೆಕ್ಷನ್. ಕೆಲಸ ಮಾತ್ರ ಉಲ್ಟಾ. ಬೇರೆ ಮಾಡಿ ನೋಡಲು ಸುಲಭದ ಗುರುತು ಮೊದಲ ದಿನದ ರಿಪೋರ್ಟಿನಲ್ಲೇ ಇತ್ತು: ಹೈಪೋಫಾಸ್ಫಟೇಸಿಯಾದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಇಳಿದಿರುತ್ತದೆ. ಪುಟ್ಟಿಯದು ಏರಿತ್ತು.

ಅಪ್ಪನಿಗೆ ನಿಂಬೆಹಣ್ಣಿನ ಲೆಕ್ಕದಲ್ಲೇ ಹೇಳಿದೆ. ಇರುವ ರಸವನ್ನೂ ಪಾಕದಿಂದ ತೆಗೆದುಬಿಡುವ ಮದ್ದು ಅದು ಅಂದೆ. ಅವರು ನೆಂಟರಿಗೆ ಅಲ್ಲೇ ಫೋನ್ ಮಾಡಿ, 'ಬುಡಪ್ಪ, ಅದು ನಮ್ದಲ್ವಂತೆ' ಅಂದರು.

ಹಾಗಾದರೆ ನಮ್ಮದು ಯಾವುದು ಅನ್ನುವುದು ಮುಂದಿನ ಪ್ರಶ್ನೆ. ಅದೂ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಡೆಮೆಟ್ರಿಯಸ್ ಬ್ರಾಡಾಕ್ ಅವರ ತಂಡ ಇಎನ್‌ಪಿಪಿ1 ಎಂಜೈಮಿನ ಹೊರಭಾಗವನ್ನು ಆಂಟಿಬಾಡಿಯ ಎಫ್‌ಸಿ ಎಂಬ ತುಂಡಿಗೆ ಬೆಸೆಯಿತು. ಎಫ್‌ಸಿ ಇದ್ದರೆ ಎಂಜೈಮು ರಕ್ತದಲ್ಲಿ ಬೇಗ ಕರಗಿ ಹೋಗುವುದಿಲ್ಲ. ಈ ದೋಷವಿರುವ ಇಲಿಗಳಿಗೆ ಅದನ್ನು ಕೊಟ್ಟಾಗ ಸುಣ್ಣ ಕಟ್ಟುವುದು ನಿಂತಿತು, ಸಾವು ತಪ್ಪಿತು ಅಂತ 2015ರಲ್ಲಿ ಪ್ರಕಟವಾಯಿತು. ಇದೇ ಜೀನು ಕೆಟ್ಟ ಇಲಿಗಳ ಒಂದು ತಳಿ ಜಪಾನಿನಲ್ಲಿ ಮುಂಚೆಯೇ ಸಿಕ್ಕಿತ್ತು. ಕೀಲು ಬಿಗಿದು ತುದಿಗಾಲಲ್ಲಿ ನಡೆಯುವ ಇಲಿಗಳು. ಇನೋಜೈಮ್ ಫಾರ್ಮಾ ಕಂಪನಿ ಈ ಮದ್ದನ್ನು ಐಎನ್‌ಝಡ್-701 ಹೆಸರಿನಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ತಂದಿತು. ಕೂಸುಗಳು, ಮಕ್ಕಳು, ದೊಡ್ಡವರು ಮೂರೂ ಗುಂಪಿನಲ್ಲಿ ಪ್ರಯೋಗ ನಡೆದಿದೆ. 2025ರಲ್ಲಿ ಬಯೋಮರಿನ್ ಆ ಕಂಪನಿಯನ್ನು ಕೊಂಡಿತು, ಮದ್ದಿನ ಹೆಸರೂ ಬಿಎಂಎನ್-401 ಅಂತ ಬದಲಾಯಿತು.

ಈ ಮನೆಯವರು ಕೇಳಿದಾಗ ಅದು ಯಾವ ದೇಶದಲ್ಲೂ ಅಂಗಡಿಗೆ ಬಂದಿರಲಿಲ್ಲ. ನಾನು ಅವರಿಗೆ ಎರಡು ಮಾತು ಬರೆದುಕೊಟ್ಟೆ. ಪ್ರಯೋಗದ ಹಂತದಲ್ಲಿರುವ ಮದ್ದನ್ನು ಯಾರೂ ಮಾರುವಂತಿಲ್ಲ. ಮಾರುತ್ತೇನೆ ಅನ್ನುವವನು ಮೋಸಗಾರ. ಪ್ರಯೋಗಕ್ಕೆ ಸೇರಿಸಿಕೊಂಡರೆ ಪ್ರಯೋಗದ ಮದ್ದಿಗೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಗದ್ದೆ ಮಾರುವ ಮಾತೇ ಬರುವುದಿಲ್ಲ. ಸರ್ಕಾರದ ನೆರವಿನ ಬಗ್ಗೆಯೂ ಕೇಳಿದರು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗೊತ್ತುಮಾಡಿದ ಕಾಯಿಲೆಗಳಿಗೆ, ಗೊತ್ತುಮಾಡಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನಲ್ಲೂ ಅಂಥ ಕೇಂದ್ರ ಇದೆ. ಆದರೆ ಮಾರಾಟಕ್ಕೇ ಇಲ್ಲದ ಮದ್ದನ್ನು 50 ಲಕ್ಷ ಇಟ್ಟುಕೊಂಡು ಏನು ಮಾಡುವುದು?

ಗದ್ದೆ ಉಳಿಯಿತು. ಮಧ್ಯವರ್ತಿಗೆ ಕೊಟ್ಟಿದ್ದ ಸಣ್ಣ ಮುಂಗಡ ವಾಪಸ್ ಬರಲಿಲ್ಲ.

ಆಮೇಲೆ ಆದದ್ದು

ಎಂಜೈಮ್ ಸಿಗಲಿಲ್ಲ ಅಂತ ಕೈಕಟ್ಟಿ ಕೂರುವುದು ಬೇಕಿರಲಿಲ್ಲ. ಈ ದೋಷ ಇರುವವರಿಗೆ ಕಿವಿಯೂ ಮಂದವಾಗಬಹುದು. ಪುಟ್ಟಿ ಕರೆದರೆ ತಿರುಗಿ ನೋಡುವುದಿಲ್ಲ, ಹಟಮಾರಿ ಅಂತ ಮನೆಯಲ್ಲಿ ಬೈಯುತ್ತಿದ್ದರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆವು. ಎರಡೂ ಕಿವಿಯಲ್ಲಿ ಸ್ವಲ್ಪ ಕೇಳಿಸುವುದು ಕಡಿಮೆ ಇತ್ತು. ಮಷೀನ್ ಹಾಕಿದ ಮೇಲೆ ಹಟ ಅರ್ಧ ಇಳಿಯಿತು. ಮೈಸೂರಿನಲ್ಲೇ ಇರುವ ಸಂಸ್ಥೆ, ದೊಡ್ಡ ಖರ್ಚಿಲ್ಲದ ಪರೀಕ್ಷೆ. ಅಮೆರಿಕದ ಮದ್ದಿನ ಗಲಾಟೆಯಲ್ಲಿ ಇದು ಮರೆತೇ ಹೋಗುತ್ತಿತ್ತು.

ಒಂದು ವರ್ಷದ ನಂತರ ಕಿಡ್ನಿಯ ಸ್ಕ್ಯಾನಿನಲ್ಲಿ ಸುಣ್ಣದ ಮಸುಕು ಕಾಣಿಸಿತು. ಕ್ಯಾಲ್ಸಿಟ್ರಿಯಾಲ್ ಇಳಿಸಿದರು. ಅದಾದ ಮೇಲೆ ಹೆಚ್ಚಿಲ್ಲ. ರಕ್ತನಾಳದ ಸುಣ್ಣ ಹಾಗೇ ಇದೆ. ಕಾಲು ಮುಂಚಿಗಿಂತ ನೇರ, ಪೂರ್ತಿ ನೇರವಲ್ಲ. ಆಪರೇಷನ್ ವಿಷಯವನ್ನು ಮುಂದಕ್ಕೆ ಹಾಕಿದ್ದಾರೆ.

ಇನ್ನೊಂದು ಮಗುವಿನ ಬಗ್ಗೆ ಅಪ್ಪ ಅಮ್ಮ ಕೇಳಿದರು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇದೆ. ಹನ್ನೊಂದನೇ ವಾರದ ಮೇಲೆ ಗರ್ಭದ ಪರೀಕ್ಷೆ ಮಾಡಬಹುದು. ಸದ್ಯಕ್ಕೆ ಬೇಡ, ಇವಳು ಸ್ವಲ್ಪ ದೊಡ್ಡವಳಾಗಲಿ ಅಂತ ಅಮ್ಮನೇ ಹೇಳಿದರು. ಅಲ್ಲಿಗೆ ಬಿಟ್ಟೆವು.

ಅಜ್ಜಿ ಒಂದು ದಿನ ತೋಳು ಮುಂದೆ ಚಾಚಿ ಕೂತರು. 'ನನ್ ರಕ್ತನೂ ನೋಡಿ ಮೇಡಂ. ನನ್ನಿಂದಾನೇ ಬಂದದಾ?' ಅವರಿಂದಲೋ ತೀರಿಕೊಂಡ ಅವರ ಯಜಮಾನರಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಆದರೆ ತಿಳಿದುಕೊಂಡು ಮಾಡುವುದು ಏನೂ ಇಲ್ಲ. ಬೇಡ ಅಜ್ಜಿ ಅಂದೆ. ಅವರ ಕೋಪ ಇಳಿಯಲು ಸ್ವಲ್ಪ ದಿನ ಹಿಡಿಯಿತು.

ಪರೀಕ್ಷೆ ನಿಜಕ್ಕೂ ಬೇಕಾಗಿದ್ದು ಬೇರೆ ಇಬ್ಬರಿಗೆ. ಅಮ್ಮನ ತಂಗಿಯನ್ನು ಅಪ್ಪನ ತಮ್ಮನಿಗೆ ಕೊಡುವ ಮಾತಾಗಿತ್ತು. ಮತ್ತೆ ಅದೇ ಸೋದರಮಾವ, ಅದೇ ಸೊಸೆ. ಪುಟ್ಟಿಯ ರಿಪೋರ್ಟ್ ಬಂದ ಮೇಲೆ ಹಿರಿಯರು ಹೆದರಿ ಸಂಬಂಧ ಮುರಿಯಲು ಹೊರಟಿದ್ದರು. ನಾವು ತಡೆದೆವು. ಸಂಬಂಧದಲ್ಲಿ ಮದುವೆಯಾದರೆ ಎರಡು ಕಡೆಯಿಂದಲೂ ಒಂದೇ ದೋಷ ಬರುವ ಸಾಧ್ಯತೆ ಹೆಚ್ಚು ಅನ್ನುವುದು ನಿಜ. ಆದರೆ ಈ ಮನೆಯಲ್ಲಿ ಹುಡುಕಬೇಕಾದ ದೋಷ ಯಾವುದು ಅಂತ ಈಗ ಗೊತ್ತಿದೆ. ಸುಮ್ನೆ ಊಹೆ ಯಾಕೆ? ಇಬ್ಬರನ್ನೂ ಬೇರೆ ಬೇರೆ ಕರೆಸಿ ಮಾತಾಡಿದೆವು. ಫಲಿತಾಂಶವನ್ನು ಹಿರಿಯರ ಕೈಗೆ ಕೊಡುವುದಿಲ್ಲ, ನಿಮಗೆ ಮಾತ್ರ, ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು ಅಂತ ಮೊದಲೇ ಹೇಳಿದೆವು. ಇದಕ್ಕೆ ಅಪ್ಪನ ಕಡೆ ಹಿರಿಯರೊಬ್ಬರು ನಮ್ಮ ಮೇಲೆ ರೇಗಿದರು. ರೇಗಲಿ. 'ದೋಷ ಇರೋ ಹುಡುಗಿ' ಅಂತ ಊರಲ್ಲಿ ಒಮ್ಮೆ ಹೆಸರು ಬಿದ್ದರೆ ಅಳಿಸಲು ಆಗುತ್ತಾ?

ಹುಡುಗಿಯಲ್ಲಿ ಒಂದು ಪ್ರತಿ ಇತ್ತು. ಹುಡುಗನಲ್ಲಿ ಇರಲಿಲ್ಲ. ಅಂದರೆ ಇವರ ಮಕ್ಕಳಿಗೆ ಈ ಕಾಯಿಲೆ ಬರುವ ಭಯವಿಲ್ಲ. ಇಬ್ಬರೂ ತಾವಾಗಿಯೇ ಮನೆಯಲ್ಲಿ ಹೇಳಿಕೊಂಡರು. ಮದುವೆ ನಡೆಯಿತು. ಬೇರೆ ಕಾಯಿಲೆಗಳ ಬಗ್ಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ ಅನ್ನುವುದನ್ನೂ ಅವರಿಗೆ ಬರೆದುಕೊಟ್ಟಿದ್ದೇವೆ.

ಪುಟ್ಟಿಯ ಫೈಲನ್ನು ಈಗ ಬೇರೆ ರೀತಿ ಇಟ್ಟಿದ್ದೇವೆ. ಆರು ತಿಂಗಳಿಗೊಮ್ಮೆ ಎತ್ತರ, ಅದೇ ಕೋನದಲ್ಲಿ ಮಂಡಿ, ಮಣಿಕಟ್ಟಿನ ಎಕ್ಸ್‌ರೇ, ಬಿಪಿ, ಕಿಡ್ನಿ ಸ್ಕ್ಯಾನ್, ಕಿವಿಯ ಗ್ರಾಫು. ಎಂಜೈಮು ಎಂದಾದರೂ ಇಲ್ಲಿಗೆ ಬಂದರೆ 'ಮುಂಚೆ ಹೇಗಿತ್ತು' ಅನ್ನುವ ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ರಕ್ತದ ಪೈರೋಫಾಸ್ಫೇಟ್ ಅಳೆಯುವುದು ಮಾತ್ರ ಇನ್ನೂ ಆಗಿಲ್ಲ. ರಕ್ತ ತೆಗೆದ ಕೂಡಲೇ ಪ್ಲೇಟ್‌ಲೆಟ್‌ಗಳನ್ನು ಹುಷಾರಾಗಿ ಬೇರ್ಪಡಿಸದಿದ್ದರೆ ಅವು ತಮ್ಮೊಳಗಿನದನ್ನು ಬಿಟ್ಟು ಅಂಕಿಯನ್ನೇ ಕೆಡಿಸುತ್ತವೆ. ಮಾಮೂಲಿ ಲ್ಯಾಬಿನಲ್ಲಿ ಆಗುವ ಕೆಲಸವಲ್ಲ. ಟ್ರಂಕಿನ ಆ ಫಿಲ್ಮಿನ ಫೋಟೋವನ್ನೂ ಫೈಲಿಗೆ ಸೇರಿಸಿದ್ದೇವೆ. ಮೂಲ ಅಜ್ಜಿಯ ಹತ್ತಿರವೇ ಇದೆ. ಮುಂದಿನ ಸ್ಕ್ಯಾನ್ ದಸರಾ ರಜೆಯಲ್ಲಿ.